ಅಮ್ಮನಿಗಿಂತ ಮೊದಲು ಹೊರಟ ಪಾಸ್‌ಪೋರ್ಟ್

ಭದ್ರಾವತಿಯಲ್ಲಿ ಸದ್ಯ ಓಡಾಡುತ್ತಿರುವ ಕತೆ ಇದು: ನಾನೂ ಅಮ್ಮನೂ ಕೀನ್ಯಾಕ್ಕೆ ಹೋಗಿ ಸುಖವಾಗಿ ವಾಪಸ್ ಬಂದದ್ದಕ್ಕೆ ಕಾರಣ ದೊಡ್ಡಮ್ಮ ಇಡಿಸಿದ ಪ್ರಸ್ಥಾನ. ಕಳೆದ ವಾರ ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದ ಎಲೆಯವರು, ನಾನು ಯಾರೆಂದು ತಿಳಿಯದೆ, ನನಗೇ ಇದನ್ನು ಹೇಳಿದರು. ಬಾಯಲ್ಲಿ ಹೋಳಿಗೆ ಇದ್ದುದರಿಂದ ಅಲ್ಲೇ ಖಂಡಿಸಲಾಗಲಿಲ್ಲ.

ಈಗ ಖಂಡಿಸುತ್ತೇನೆ.

ಕಾಲೇಜಿನ ಡಿಬೇಟ್‌ನಲ್ಲಿ ನಮಗೆ ಕಲಿಸಿದ ಮೊದಲ ಪಾಠ: ಒಂದಾದ ಮೇಲೆ ಇನ್ನೊಂದು ಆಯಿತು ಎಂದ ಮಾತ್ರಕ್ಕೆ, ಅದರಿಂದಲೇ ಇದಾಯಿತು ಎಂದಲ್ಲ. ದೊಡ್ಡಮ್ಮನಿಗೆ ಈ ಪಾಠ ಯಾರೂ ಮಾಡಿಲ್ಲ. (ಮಾಡಿದ್ದರೆ ಪಾಠ ಮಾಡಿದವರೇ ಸೋತು ಬರುತ್ತಿದ್ದರು, ಅದು ಬೇರೆ ಮಾತು.)

ಮೊದಲಿನಿಂದ ಹೇಳುತ್ತೇನೆ. ಅಮ್ಮ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿ ನಿವೃತ್ತಿಯಾದವಳು. ಬೋರ್ಡಿನ ಮೇಲೆ ಗುಂಡಗೆ ಭೂಮಿ ಬರೆದು, ಹೊಟ್ಟೆಯ ನಡುವೆ ಗೆರೆ ಎಳೆದು, ‘ಇದು ಸಮಭಾಜಕ ವೃತ್ತ’ ಎಂದು ಎಷ್ಟು ಬ್ಯಾಚಿಗೆ ಹೇಳಿದ್ದಾಳೋ. ಆ ಗೆರೆಯ ಮೇಲೆ ಒಮ್ಮೆ ನಿಂತು ನೋಡಬೇಕು ಎಂದು ನಿವೃತ್ತಿಯ ದಿನ ಹೇಳಿದ್ದಳು. ಆಮೇಲೆ ಆ ಮಾತು ಎತ್ತಿರಲಿಲ್ಲ. ಮಂಡ್ಯಕ್ಕಿಂತ ಆಚೆ ನಮ್ಮಿಬ್ಬರಲ್ಲಿ ಯಾರೂ ಒಂಟಿಯಾಗಿ ಹೋದವರಲ್ಲ.

ನಮ್ಮೂರಿನ ಆಲ್ಕೊಳ ಸರ್ಕಲ್ಲಿನ ಟ್ರಾವೆಲ್ಸ್ ಒಂದರಲ್ಲಿ ವಿಚಾರಿಸಿದೆ. ಕೀನ್ಯಾ ಪ್ಯಾಕೇಜ್ ಇದೆ, ಸಿಂಹ ತೋರಿಸುತ್ತಾರೆ, ಚಪಾತಿ-ಪಲ್ಯ ಸಿಗುತ್ತದೆ, ಆದರೆ ಆ ಗೆರೆ ಪ್ಯಾಕೇಜಿನಲ್ಲಿ ಬರುವುದಿಲ್ಲ ಎಂದರು. ಗೆರೆ ನೋಡಲು ಅಷ್ಟು ದೂರ ಯಾರಾದರೂ ಹೋಗುತ್ತಾರಾ ಮೇಡಂ ಎಂದೂ ಕೇಳಿದರು.

ಸರಿ, ನಾನೇ ಬುಕ್ ಮಾಡುತ್ತೇನೆ ಅಂದೆ. ಹೇಳುವುದು ಸುಲಭ. ಲ್ಯಾಪ್‌ಟಾಪಿನಲ್ಲಿ ಸಾಲುಗಟ್ಟಿದ ಟ್ಯಾಬ್‌ಗಳು. ಎಲ್ಲಿ ವಿಮಾನ ಬದಲಿಸುವುದು, ಬದಲಿಸಲು ಅಮ್ಮನ ಮಂಡಿಗೆ ಎಷ್ಟು ಹೊತ್ತು ಬೇಕು, ಯಾವ ರೂಮಿನ ಫೋಟೋ ನಂಬುವುದು, ಯಾವ ಡ್ರೈವರ್‌ನ ಕಾರು. ಹಳದಿ ಜ್ವರದ ಇಂಜೆಕ್ಷನ್ನಿಗೆ ಬೆಂಗಳೂರಿಗೊಂದು ಟ್ರಿಪ್. ಟಿಕೆಟ್ಟಿನ ಪೇಜಿನಲ್ಲಿ ‘ಹಣ ಹಿಂದಿರುಗಿಸಲಾಗದು’ ಎಂಬ ಕೆಂಪಕ್ಷರ. ಬಟನ್ ಒತ್ತುವಾಗ ಕಣ್ಣು ಮುಚ್ಚಿಕೊಂಡೆ. ತರ್ಕ ಓದಿದವರೂ ಕೆಲವೊಮ್ಮೆ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಸುದ್ದಿ ಭದ್ರಾವತಿ ತಲುಪಿತು. ಅಮ್ಮನ ಅಕ್ಕ, ನನ್ನ ದೊಡ್ಡಮ್ಮ, ಅಲ್ಲಿಯೇ ಇರುವುದು. ಫೋನಿನಲ್ಲಿ ಮೊದಲ ಪ್ರಶ್ನೆ ಆನೆಯದ್ದು.

“ಆನೆ ನೋಡಕ್ಕೆ ಆಫ್ರಿಕಾ ಯಾಕೆ ಮಾರಾಯ್ತಿ? ಸಕ್ರೆಬೈಲಲ್ಲಿ ಇಲ್ವಾ? ಅಲ್ಲಾದ್ರೆ ಸ್ನಾನ ಮಾಡ್ಸಿ ತೋರಿಸ್ತಾರೆ.”

ಎರಡನೆಯದು ತಾರೀಖಿನದ್ದು. ಹೊರಡಲೆಂದು ನಾನು ಬುಕ್ ಮಾಡಿದ್ದ ದಿನ ಮಂಗಳವಾರ. ಮೇಲಾಗಿ ಅಮಾವಾಸ್ಯೆ. ಆ ದಿನವೇ ಟಿಕೆಟ್ ಅಗ್ಗವಿತ್ತು ಎಂದೆ.

“ಹೂಂ ಮತ್ತೆ. ಆ ಕಂಪ್ಯೂಟರಿಗೂ ಗೊತ್ತು, ಅಮಾವಾಸ್ಯೆ ದಿನ ಯಾರೂ ಹೊರಡಲ್ಲ ಅಂತ.”

ನಾನು ಟಿಕೆಟ್ಟಿನ ಬೆಲೆಯನ್ನು ಇನ್ನೊಮ್ಮೆ ನೋಡಿಕೊಂಡೆ.

ಅಮ್ಮ ಸುಮ್ಮನಾದಳು. ಸುಮ್ಮನಾದಳು ಎಂದರೆ, ಹೋಗುವುದು ಬೇಡ ಎನ್ನುವುದಕ್ಕೆ ಒಂದು ಹೆಜ್ಜೆ ಹಿಂದೆ. ಆಗ ದೊಡ್ಡಮ್ಮನೇ ದಾರಿ ಹುಡುಕಿದರು. ಅದೇ ಪ್ರಸ್ಥಾನ. ಹೊರಡುವ ದಿನ ಚೆನ್ನಾಗಿಲ್ಲವೆಂದರೆ, ಅದಕ್ಕೆ ಮುಂಚಿನ ಒಳ್ಳೆಯ ದಿನ ನೋಡಿ ನಿಮ್ಮದೊಂದು ಗಂಟನ್ನು ಬೇರೆಯವರ ಮನೆಯಲ್ಲಿಟ್ಟು ಬರಬೇಕು. ಅಲ್ಲಿಗೆ ನೀವು ಹೊರಟ ಹಾಗೆ. ಆಮೇಲೆ ಯಾವ ಅಮಾವಾಸ್ಯೆಯೂ ಏನೂ ಮಾಡುವಂತಿಲ್ಲ. ನಿಯಮ ಒಂದೇ: ಆ ಗಂಟು ಮನೆಗೆ ವಾಪಸ್ ಬರಬಾರದು. ಹೋಗುವ ದಾರಿಯಲ್ಲೇ ಎತ್ತಿಕೊಂಡು ಹೋಗಬೇಕು. ಬೆಂಗಳೂರಿನ ರೈಲು ಭದ್ರಾವತಿಯ ಮೇಲೆಯೇ ಹೋಗುವುದರಿಂದ ದೊಡ್ಡಮ್ಮನ ಮನೆ ಹೇಳಿ ಮಾಡಿಸಿದಂತಿತ್ತು.

ಭಾನುವಾರ ಬೆಳಗ್ಗೆ ಅಮ್ಮ ಒಂದು ಬಟ್ಟೆಚೀಲದಲ್ಲಿ ಸೀರೆ, ಕುಂಕುಮ ಇಟ್ಟು ಭದ್ರಾವತಿಗೆ ಹೋಗಿ ಬಂದಳು. ನಾನು ನಕ್ಕೆ. ಕೋಟೆ ಬೀದಿಯ ತಮ್ಮ ಅಂಗಡಿ ಬಿಟ್ಟು ಒಂದು ದಿನವೂ ಇರಲಾರದ ಅಪ್ಪ ಮಾತ್ರ ಗಂಭೀರವಾಗಿ, ಅಂತೂ ನೀನು ಹೋಗೇಬಿಟ್ಟೆ ಅನ್ನು, ಎಂದರು.

ಸೋಮವಾರ ಸಂಜೆ ಕಾಗದಪತ್ರಗಳನ್ನು ಮಂಚದ ಮೇಲೆ ಹರಡಿದೆ. ನನ್ನ ಪಾಸ್‌ಪೋರ್ಟ್ ಇದೆ. ಇಂಜೆಕ್ಷನ್ ಕಾರ್ಡುಗಳಿವೆ. ಅಮ್ಮನ ಪಾಸ್‌ಪೋರ್ಟ್ ಇಲ್ಲ. ಬೀರುವಿನಲ್ಲಿದ್ದುದನ್ನೆಲ್ಲ ಕೆಳಗೆ ಸುರಿದೆ. ಅಮ್ಮ ಹುರುಳಿಕಾಯಿ ಸೋಸುತ್ತಾ ಹೇಳಿದಳು, “ಅದು ಆ ಚೀಲದಲ್ಲಿದೆ.”

ಈಗಲೇ ಹೋಗಿ ತರುತ್ತೇನೆ ಎಂದು ಸ್ಕೂಟರ್ ಕೀ ಹಿಡಿದೆ. ತಂದರೆ ಹೋದವಳು ವಾಪಸ್ ಬಂದ ಹಾಗೆ, ನಾನು ಬರುವುದಿಲ್ಲ, ಎಂದಳು ಅಮ್ಮ. ದೊಡ್ಡಮ್ಮನೂ ಫೋನಿನಲ್ಲಿ ಅದನ್ನೇ ಹೇಳಿದರು. ಬೆಳಗ್ಗೆ ಸ್ಟೇಷನ್ನಿಗೆ ತರುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನಾನು ತಲೆ ಕೆಡಿಸಿಕೊಂಡೆ. ಭದ್ರಾವತಿಯಲ್ಲಿ ಆ ರೈಲು ನಿಲ್ಲುವುದು ನಿಂತ ಶಾಸ್ತ್ರಕ್ಕೆ. ನಾನು ನಮ್ಮ ಬೋಗಿಯ ನಂಬರನ್ನು ಮೂರು ಸಲ ಹೇಳಿದ್ದೆ. ಮಂಗಳವಾರ ಬೆಳಗ್ಗೆ ರೈಲು ನಿಂತಾಗ ಬಾಗಿಲಲ್ಲಿ ನೇತಾಡಿ ನೋಡಿದರೆ, ದೊಡ್ಡಮ್ಮ ಪ್ಲಾಟ್‌ಫಾರ್ಮಿನ ಆ ತುದಿಯಲ್ಲಿ, ಜನರಲ್ ಬೋಗಿಯ ಎದುರು ನಿಂತಿದ್ದಾರೆ. ಅವರು ಯಾವಾಗಲೂ ಹತ್ತುವುದು ಅಲ್ಲಿಂದಲಂತೆ! ನಾನು ಕೈ ಬೀಸಿದೆ. ಅವರೂ ಸಂತೋಷವಾಗಿ ಕೈ ಬೀಸಿದರು. ರೈಲು ಹೊರಟಿತು.

ಫೋನ್ ಬಂತು. “ಯಾರೋ ಕನ್ನಡಕದೋರ ಕೈಗೆ ಕೊಟ್ಟಿದೀನಿ. ಟೀಚರಮ್ಮಂಗೆ ತಲುಪ್ಸಿ ಅಂದಿದೀನಿ. ಬರುತ್ತೆ ಬಿಡು.”

ಗುರುತಿಲ್ಲದ ಕನ್ನಡಕ. ತುಂಬಿದ ರೈಲು. ಸಂಜೆಗೆ ವಿಮಾನ. ಜನರ ನಡುವೆ ನುಗ್ಗಲು ಹೊರಟೆ, ಎರಡನೇ ಬೋಗಿಯಲ್ಲೇ ಮೂಟೆಗಳು ಅಡ್ಡ ಬಂದವು. ಸೋತು ವಾಪಸ್ ಬಂದೆ. ಅಮ್ಮ ಕಿಟಕಿಯಾಚೆ ನೋಡುತ್ತಿದ್ದಳು. “ಬರ್ದಿದ್ರೆ ಬೀರೂರಲ್ಲಿ ಇಳ್ಕೊಳಣ ಬಿಡೆ,” ಎಂದಳು. ಎಷ್ಟು ಸಲೀಸಾಗಿ!

ತರೀಕೆರೆ ಬರುವ ಮೊದಲು ಬೋಗಿಯ ಆ ತುದಿಯಿಂದ ಒಂದು ದನಿ: ಇಲ್ಲಿ ಟೀಚರಮ್ಮ ಯಾರು? ಹಿಂದೆಯೇ ಚೀಲ. ಕನ್ನಡಕದವರು ಪಕ್ಕದವರಿಗೆ, ಅವರು ಮುಂದಿನ ಬೋಗಿಗೆ, ಕೊನೆಗೆ ಕಡ್ಲೆಕಾಯಿ ಮಾರುವವರ ತಲೆಯ ಮೇಲಿಂದ ಅದು ನಮ್ಮ ಸೀಟಿಗೆ ಬಂದಿತ್ತು. ಸೀರೆಯ ಮಡಿಕೆಯಲ್ಲಿ ಕೈ ಹಾಕಿದೆ. ಇತ್ತು. ನಾನು ಬಿಟ್ಟ ಉಸಿರಿಗೆ ಎದುರು ಸೀಟಿನವರು ದಮ್ಮು ಇದೆಯಾ ಎಂದು ವಿಚಾರಿಸಿದರು. ಇಲ್ಲ ಸರ್, ಈಗ ತಾನೇ ವಾಸಿಯಾಯಿತು.

ಅಲ್ಲಿಂದ ಮುಂದೆ ಎಲ್ಲವೂ ಸುಸೂತ್ರ. ರೂಮು ಫೋಟೋದಲ್ಲಿದ್ದಂತೆಯೇ ಇತ್ತು. ಡ್ರೈವರ್ ಹೇಳಿದ ಹೊತ್ತಿಗೆ ಬಂದ. ಗೆರೆ ಇರುವ ಜಾಗದಲ್ಲಿ ಒಂದು ಬೋರ್ಡು, ಪಕ್ಕದಲ್ಲಿ ಬೋಗುಣಿ ಹಿಡಿದ ಒಬ್ಬಾತ. ಗೆರೆಯ ಈಚೆ ನೀರು ಒಂದು ಕಡೆಗೆ ತಿರುಗುತ್ತದೆ, ಆಚೆ ಇನ್ನೊಂದು ಕಡೆಗೆ ಎಂದು ಮಾಡಿ ತೋರಿಸಿದ. ನಾನು ಬಾಯಿ ಬಿಟ್ಟು ನೋಡಿದೆ. ಅಮ್ಮ ಕಿವಿಯಲ್ಲಿ, “ಸುಳ್ಳು ಕಣೆ. ಸುರಿಯೋವಾಗ್ಲೇ ಕೈ ತಿರುಗಿಸ್ತಾನೆ, ನೋಡು,” ಎಂದಳು. ಆಮೇಲೆ ಚಪ್ಪಲಿ ಬಿಟ್ಟು, ಗೆರೆಯ ಆಚೆಗೊಂದು ಈಚೆಗೊಂದು ಕಾಲಿಟ್ಟು, ತುಂಬಾ ಹೊತ್ತು ನಿಂತಳು. ಫೋಟೋ ತೆಗೆಯಲೂ ಬಿಡಲಿಲ್ಲ.

ಈಗ ವಾದಕ್ಕೆ ಬರೋಣ. ಪ್ರಸ್ಥಾನ ಇಟ್ಟಿದ್ದರಿಂದ ಪಾಸ್‌ಪೋರ್ಟ್ ಉಳಿಯಿತು ಎನ್ನುತ್ತಾರೆ ದೊಡ್ಡಮ್ಮ. ಪ್ರಸ್ಥಾನ ಇಡದಿದ್ದರೆ ಅದು ಕೈಬಿಟ್ಟು ಹೋಗುತ್ತಲೇ ಇರಲಿಲ್ಲ ಎನ್ನುತ್ತೇನೆ ನಾನು. ಗೆದ್ದೆ ಅಂದುಕೊಂಡಿದ್ದೆ. ಆದರೆ ಗೃಹಪ್ರವೇಶದಿಂದ ಬಂದ ಮೇಲೆ ಒಂದು ವಿಷಯ ಕೊರೆಯುತ್ತಿದೆ. ಸೀರೆ, ಕುಂಕುಮ ಇಡು ಎಂದದ್ದು ದೊಡ್ಡಮ್ಮ. ಪಾಸ್‌ಪೋರ್ಟ್ ಇಡು ಎಂದು ಯಾರೂ ಹೇಳಿರಲಿಲ್ಲ. ಬೋಗುಣಿಯವನ ಕೈಚಳಕವನ್ನು ಒಂದೇ ನೋಟಕ್ಕೆ ಹಿಡಿದವಳು, ಪಾಸ್‌ಪೋರ್ಟನ್ನು ಗಮನವಿಲ್ಲದೆ ಇಟ್ಟಳೆಂದರೆ ನಾನು ಒಪ್ಪುವುದಿಲ್ಲ.

ಅಮ್ಮ, ಈ ಅಂಕಣವನ್ನು ಎಲ್ಲರಿಗಿಂತ ಮೊದಲು ಓದುವವಳು ನೀನೇ. ನಿಜ ಹೇಳು: ಪಾಸ್‌ಪೋರ್ಟನ್ನು ಮುಂದೆ ಕಳಿಸಿದ್ದು ಹೋಗಿಯೇ ತೀರಬೇಕು ಅಂತಲಾ, ಇಲ್ಲಾ ಹೋಗದೆ ಉಳಿಯಲು ಒಂದು ದಾರಿ ಇರಲಿ ಅಂತಲಾ?