ಬಟ್ಟೆಯ ಮೇಲೆ ಮೂಡಿದ ಕೆರೆ

ಓದುವ ಎಲ್ಲರಿಗೂ ನಮಸ್ಕಾರ. ನಾನು ಬರಹಗಾರನಲ್ಲ, ಟೈಲರ್. ಚಿಕ್ಕವನಿದ್ದಾಗ ಶಾಲೆ ಬಿಟ್ಟವನು, ಮದುವೆಯಾದ ಮೇಲೆ ಸಂಜೆ ತರಗತಿಗೆ ಹೋಗಿ ಅಕ್ಷರ ತಿದ್ದಿಕೊಂಡೆ. ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತಿ ಒತ್ತಿ ಇದನ್ನು ಬರೆಯುತ್ತಿದ್ದೇನೆ. ಕಾಗುಣಿತ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೆವ್ವ, ಶಕುನ, ಕನಸು ನಿಜವಾಗುವುದು ಇವುಗಳಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ. ಶಿವಾಜಿನಗರದ ನಮ್ಮ ಅಂಗಡಿಯಲ್ಲಿ ಟೀ ಕುಡಿಯುವಾಗ ಯಾರಾದರೂ ಅಂಥ ಮಾತು ತೆಗೆದರೆ ಮೊದಲು ನಗುತ್ತಿದ್ದವನು ನಾನೇ. ಇವತ್ತೂ ನಂಬುತ್ತೇನೆ ಅಂತ ಹೇಳಲಾರೆ. ಆದರೆ ನನ್ನ ಕೈಯಿಂದಲೇ ಆದದ್ದನ್ನು ಇಲ್ಲ ಅನ್ನುವುದಕ್ಕೂ ಆಗುತ್ತಿಲ್ಲ.

ನಮ್ಮದು ಯಾದಗಿರಿ ಕಡೆಯ ಸಣ್ಣ ಊರು. ಕೆಲವು ವರ್ಷಗಳ ಹಿಂದೆ ನಾನು, ಅವ್ವ, ನನ್ನ ಹೆಂಡತಿ, ತಮ್ಮ ಬಸು, ಅವನ ಹೆಂಡತಿ ರೇಣುಕಾ ಎಲ್ಲರೂ ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಬಸು ಕೆ.ಆರ್. ಪುರದಲ್ಲಿ ವೆಲ್ಡಿಂಗ್ ಕೆಲಸ ಮಾಡುತ್ತಿದ್ದ. ಅವನಿಗೆ ಮೀನಿಗೆ ಗಾಳ ಹಾಕುವ ಹುಚ್ಚು. ಆ ವರ್ಷವೆಲ್ಲ ಒಂದೇ ಮಾತು, ಕಾಡಿನೊಳಗೆ ಒಂದು ಕೆರೆ ಇದೆಯಂತೆ, ನಾಲ್ಕೂ ಕಡೆ ಗುಡ್ಡವಂತೆ, ಮನುಷ್ಯರ ಸುಳಿವೇ ಇಲ್ಲವಂತೆ. ಯಾವ ಕೆರೆ ಅಂತ ಯಾರಿಗೂ ಬಾಯಿ ಬಿಡಲಿಲ್ಲ. ಗಾಳ ಹಾಕುವವರು ಒಳ್ಳೆಯ ಜಾಗವನ್ನು ಬಚ್ಚಿಡುತ್ತಾರೆ. ಅನುಮತಿ ಇಲ್ಲದೆ ಕಾಡಿನೊಳಗೆ ಹೋಗಬಾರದು ಅಂತಲೂ ಅವನಿಗೆ ಗೊತ್ತಿತ್ತು.

ಒಂದು ಶನಿವಾರ ಬೆಳಿಗ್ಗೆ ಆ ಕೆರೆಗೆಂದು ಅವನು ಬೈಕ್ ತೆಗೆದಾಗ ರೇಣುಕಾ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕಟ್ಟಿಕೊಟ್ಟಳು. ಬಾಗಿಲಲ್ಲಿ ನಿಂತು "ಎಲ್ಲಿಗಿ" ಅಂತ ಬಾಯಿ ತೆರೆದಳು. ಅವ್ವ ಒಳಗಿನಿಂದಲೇ ಗದರಿದಳು.

"ಏ ಹುಡುಗಿ, ಹೊಂಟವರಿಗಿ ಎಲ್ಲಿಗಿ ಅಂತ ಕೇಳ್ತಾರೇನ? ಹೋದ ಕೆಲಸ ಕೆಡ್ತದ."

ನಮ್ಮ ಕಡೆ ಇದು ದೊಡ್ಡ ಅಪಶಕುನ. ಬೇಕಾದರೆ "ದೂರ ಹೊಂಟೀರೇನು" ಅಂತ ಕೇಳಬಹುದು, ಅಷ್ಟೇ. ರೇಣುಕಾ ನಾಲಿಗೆ ಕಚ್ಚಿಕೊಂಡಳು. ಬಸು ನಕ್ಕು, "ಬಂದ ಮ್ಯಾಲ ಎಲ್ಲಾ ಹೇಳ್ತೀನಿ ತಗೋ" ಅಂದು ಹೊರಟ.

ಕೆಲಸಕ್ಕೆ ಹೋಗಬೇಕಾದ ಸೋಮವಾರ ಅವನು ಬರಲಿಲ್ಲ. ಫೋನ್ ಸ್ವಿಚ್ ಆಫ್. ಠಾಣೆಗೆ ಹೋದೆವು. ಅವರು ಒಳ್ಳೆಯ ರೀತಿಯಲ್ಲೇ ವಿಚಾರಿಸಿ, ಫೋನ್ ಕೊನೆಗೆ ಕೊಳ್ಳೇಗಾಲದಾಚೆ ಸಿಗ್ನಲ್ ಕೊಟ್ಟಿದೆ, ಅಲ್ಲಿಂದ ಮುಂದೆ ಬರೀ ಕಾಡು ಅಂದರು. "ಯಾವ ಕೆರೆ ಅಂತ ಹೇಳಿ, ಅರಣ್ಯದವರಿಗೆ ತಿಳಿಸ್ತೀವಿ" ಅಂದರು. ಹೊರಡುವಾಗ ಅದನ್ನು ಕೇಳಲು ಹೋದ ಒಬ್ಬಳ ಬಾಯನ್ನೂ ನಾವೇ ಮುಚ್ಚಿಸಿದ್ದೆವು. ಅವ್ವ ಗೋಡೆಗೆ ತಲೆ ಚಚ್ಚಿಕೊಂಡಳು. ರೇಣುಕಾ ಅಳಲೂ ಇಲ್ಲ, ಅವ್ವನನ್ನು ಬೈಯಲೂ ಇಲ್ಲ. ಹಗಲೆಲ್ಲ ಹೊಸ್ತಿಲ ಮೇಲೆ ಕೂತಿರುತ್ತಿದ್ದಳು.

ನಾವು ಹುಡುಕಲು ಹೊರಡುವುದೆಂದು ಆಯಿತು. ಆದರೆ ಎಲ್ಲಿಗೆ? ನಮ್ಮ ಅಂಗಡಿಯಲ್ಲಿ ಇಸ್ತ್ರಿ ಮಾಡುವ ಸೆಲ್ವ ಹಲಸೂರಿನವನು, ನನ್ನ ಗೆಳೆಯ. ಅವನು ಫೋನಿನಲ್ಲಿ ಆ ಕಾಡಿನ ಮ್ಯಾಪ್ ತೆರೆದ. ಹಸಿರು ಬಣ್ಣದ ನಡುವೆ ಎಲ್ಲೆಲ್ಲೂ ನೀಲಿ ಚುಕ್ಕೆಗಳು. ದೊಡ್ಡ ಕೆರೆಗಳಿಂದ ಶುರು ಮಾಡೋಣ ಅಂತ ಅವನು. ರಸ್ತೆಗೆ ಹತ್ತಿರದವುಗಳಿಂದ ಅಂತ ನಾನು. ಒಂದು ಕೆರೆಗೆ ಹೋಗಿ ಬರುವುದಕ್ಕೆ ಒಂದು ದಿನವಾದರೂ ಬೇಕು. ಹಾಗೆ ಎಲ್ಲವನ್ನೂ ನೋಡುವಷ್ಟರಲ್ಲಿ ಬಸು ಉಳಿದಿರುತ್ತಾನೆಯೇ?

ಅದು ಶಾಲೆ ಶುರುವಾಗುವ ಕಾಲ, ಯೂನಿಫಾರ್ಮ್ ಕೆಲಸ ರಾಶಿ ಬಿದ್ದಿತ್ತು. ಮಾಲೀಕರು ರಜೆ ತಗೋ ಅಂದರೂ ಮನೆಯಲ್ಲಿ ಕೂರಲಾಗದೆ ಅಂಗಡಿಗೆ ಬಂದೆ. ಮಧ್ಯಾಹ್ನ ಊಟವಾಗಿತ್ತು. ಕಡು ನೀಲಿ ಬಟ್ಟೆ ಹಾಸಿ ಟೈಲರ್ ಚಾಕ್‌ನಿಂದ ಪ್ಯಾಂಟಿನ ಗುರುತು ಹಾಕುತ್ತಿದ್ದೆ. ಈ ಕೆಲಸ ಕಣ್ಣು ಮುಚ್ಚಿಕೊಂಡೂ ಮಾಡಬಲ್ಲೆ. ನಡು, ತೊಡೆ, ಮೊಣಕಾಲು ಅಂತ ಕೈ ತಾನೇ ಇಳಿಯುತ್ತದೆ. ಜೇಬು ಬರುವ ಕಡೆ ಒಂದು ಇಂಟು ಗುರುತು ಹಾಕುತ್ತೇವೆ. ಆವತ್ತೂ ಹಾಗೇ ಮಾಡಿದೆ ಅಂತಲೇ ತಿಳಿದಿದ್ದೆ. ಯಾರೋ ಕೈ ಹಿಡಿದು ಎಳೆದ ಹಾಗೆ, ಮೈ ಜುಮ್ಮೆಂದ ಹಾಗೆ, ಏನೂ ಆಗಲಿಲ್ಲ.

"ಯೋವ್ ಅಣ್ಣಾ, ಇದೇನ್ ಪ್ಯಾಂಟಾ, ದೋಸೆನಾ? ಯಾವ್ ಮಗು ಹಾಕ್ಕೊಳತ್ತೆ ಇದನ್ನ?" ಅಂತ ಸೆಲ್ವ ನಕ್ಕ.

ಬಗ್ಗಿ ನೋಡಿದೆ. ಬಟ್ಟೆಯ ಮೇಲೆ ಮೇಕೆಯ ಕಿವಿಯಂಥ ಒಂದು ಆಕಾರ. ಒಂದು ಕಡೆ ಉದ್ದಕ್ಕೆ ನಾಲಿಗೆಯ ಹಾಗೆ ಚಾಚಿದೆ. ನಡುವೆ ಒಂದು ಸಣ್ಣ ಸುತ್ತು. ನಾಲಿಗೆ ಶುರುವಾಗುವ ಕಡೆ, ಗೆರೆಯಿಂದ ಸ್ವಲ್ಪ ಹೊರಗೆ, ನಾನು ಜೇಬಿಗೆ ಹಾಕುವಂಥದ್ದೇ ಇಂಟು ಗುರುತು.

"ಅಣ್ಣಾ, ಇದು ಕೆರೆ ಥರಾ ಇದೆ" ಅಂದ ಸೆಲ್ವ. ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಟ್ಟು ಫೋನ್ ತೆಗೆದ. ಒಂದೊಂದು ನೀಲಿ ಚುಕ್ಕೆಯನ್ನೂ ದೊಡ್ಡದು ಮಾಡಿ ಬಟ್ಟೆಯ ಪಕ್ಕ ಹಿಡಿಯುತ್ತಾ ಹೋದ. ನನಗೆ ಸಿಟ್ಟು ಬಂತು, "ಹುಚ್ಚಾಟ ಬಿಡೋ" ಅಂದೆ. ಅವನು ಕೇಳಲಿಲ್ಲ. ಟೀ ತಂದಿಟ್ಟದ್ದು ಕೆನೆಗಟ್ಟಿತು. ಆಮೇಲೆ ಅವನು ಮೆಲ್ಲಗೆ "ಮುರುಗಾ" ಅಂತ ದೇವರನ್ನು ನೆನೆದು ಫೋನನ್ನು ನನ್ನ ಮುಂದೆ ಇಟ್ಟ. ಅದೇ ಕಿವಿ, ಅದೇ ನಾಲಿಗೆ. ಕೆರೆಗೆ ಹೆಸರಿರಲಿಲ್ಲ, ದಾರಿಯೂ ಇರಲಿಲ್ಲ. ನನ್ನ ಸುತ್ತು, ನನ್ನ ಇಂಟು ಗುರುತು ಮಾತ್ರ ಮ್ಯಾಪಿನಲ್ಲಿ ಕಾಣಲಿಲ್ಲ.

ಸಂಜೆ ಬಟ್ಟೆಯನ್ನು ಮಡಚದೆ ಸುತ್ತಿಕೊಂಡು ಮನೆಗೆ ತಂದೆ. ಜೀಪಿಗಾಗಿ ಮನೆಯ ಓನರ್ ಮುನಿಯಪ್ಪನವರನ್ನು ಕೇಳಿದೆವು. ಅವರು ತಿಪ್ಪಸಂದ್ರ ಹಳ್ಳಿಯಾಗಿದ್ದಾಗ ಅಲ್ಲಿ ರಾಗಿ ಬೆಳೆದವರು. "ಏನ್ರಯ್ಯಾ, ಚಾಕಲ್ಲಿ ಗೀಚಿದ್ದನ್ನ ನೋಡ್ಕೊಂಡು ಆನೆ ಕಾಡಿಗೆ ನುಗ್ತೀರಾ? ತಲೆ ನೆಟ್ಟಗಿದೆಯಾ ನಿಮ್ಗೆ?" ಅಂದರು. ರೇಣುಕಾ ಅವರೆದುರು ಬಂದು ನಿಂತು, "ನಮ್ಮತ್ರ ಬ್ಯಾರೆ ಏನದರೀ ಯಜಮಾನ್ರ?" ಅಂದಳು. ಅವರು ಒಳಗೆ ಹೋಗಿ ಜೀಪಿನ ಕೀ ತಂದುಕೊಟ್ಟರು.

ಬೆಳಿಗ್ಗೆ ನಾನು, ಸೆಲ್ವ ಜೀಪು ಹತ್ತಿದೆವು. ರೇಣುಕಾ ಬಾಗಿಲಿಗೆ ಬಂದು, ಇಡೀ ಬೀದಿಗೆ ಕೇಳುವ ಹಾಗೆ, "ಭಾವಾ, ಎಲ್ಲಿಗಿ ಹೊಂಟೀರಿ?" ಅಂತ ಕೇಳಿದಳು. ಅವ್ವ ತಡೆಯಲಿಲ್ಲ. ನಾನು ದಾರಿಯನ್ನೆಲ್ಲ ಬಿಡಿಸಿ ಹೇಳಿದೆ.

ಅರಣ್ಯದ ಕಚೇರಿಯಲ್ಲಿ ಬಟ್ಟೆಯ ವಿಷಯ ಹೇಳದೆ ಮ್ಯಾಪ್ ಮಾತ್ರ ತೋರಿಸಿದೆವು. ಅನುಮತಿ ಕೊಟ್ಟು, ಕಾಡು ಕಾಯುವ ಒಬ್ಬ ವಾಚರನ್ನು ಜೊತೆಗೆ ಕಳಿಸಿದರು. ಜೀಪು ನಿಂತ ಮೇಲೆ, ಬೈಕ್ ಹಾಯುವಷ್ಟು ಅಗಲದ ಆನೆ ಜಾಡಿನಲ್ಲಿ ತುಂಬಾ ದೂರ ನಡೆದೆವು. ಗುಡ್ಡ ಇಳಿದಾಗ ಕೆರೆ ಕಂಡಿತು. ನೀರು ಇಳಿದಿತ್ತು. ನಡುವೆ, ಬಟ್ಟೆಯ ಮೇಲೆ ನನ್ನ ಸುತ್ತು ಇದ್ದ ಕಡೆಯೇ, ಒಂದು ದುಂಡು ಬಂಡೆ ತಲೆ ಎತ್ತಿತ್ತು. ಸೆಲ್ವ ನನ್ನ ತೋಳು ಹಿಡಿದುಕೊಂಡ.

ಇಂಟು ಗುರುತಿನ ಜಾಗಕ್ಕೆ ನಾನೇ ಮುಂದಾಗಿ ಓಡಿದೆ. ಲಂಟಾನ ಪೊದೆಯ ಮರೆಯಲ್ಲಿ ಬಸುವಿನ ಬೈಕ್ ಸ್ಟ್ಯಾಂಡ್ ಹಾಕಿ ನಿಂತಿತ್ತು. ಹ್ಯಾಂಡಲಿಗೆ ಬುತ್ತಿಯ ಚೀಲ, ಗಂಟು ಬಿಚ್ಚಿರಲಿಲ್ಲ. ಅವನು ಇರಲಿಲ್ಲ.

ವಾಚರ್ ಬೆವರು ಒರೆಸಿಕೊಂಡು ಕೇಳಿದ. "ಇಲ್ಲಿಗ್ಯಾರೂ ಬರಾಕಿಲ್ಲ ಸಾ. ಇದ್ನೇ ಹೆಂಗ್ ಹುಡುಕುದ್ರಿ?"

ಅರಣ್ಯದವರು ಕಾಡೆಲ್ಲ ಹುಡುಕಿದರು. ನೀರಿಗೂ ಜನ ಇಳಿದರು. ದೇಹ ಸಿಗಲಿಲ್ಲ, ಅಂಗಿಯ ಚೂರೂ ಸಿಗಲಿಲ್ಲ. ಕೊನೆಗೆ ಹುಡುಕುವುದು ನಿಂತಿತು.

ಮ್ಯಾಪ್ ನೋಡಿ ನೋಡಿ ಆ ಆಕಾರ ನಿನ್ನ ತಲೆಯಲ್ಲಿ ಕೂತಿರಬೇಕು ಅಂತ ಕೆಲವರು ಹೇಳಿದರು. ಇರಬಹುದು. ಅಷ್ಟು ಕೆರೆಗಳಲ್ಲಿ ಅದೊಂದೇ ಯಾಕೆ ಕೂತಿತು? ಬಂಡೆ ಮ್ಯಾಪಿನಲ್ಲಿ ಇರಲಿಲ್ಲ. ಬೈಕಂತೂ ಇರಲು ಸಾಧ್ಯವೇ ಇಲ್ಲ. ನನಗೆ ತಿಳಿಯದು. ಅಷ್ಟು ಸರಿಯಾಗಿ ಬೈಕ್ ತೋರಿಸಿದ ಕೈ ಅವನನ್ನು ಯಾಕೆ ತೋರಿಸಲಿಲ್ಲ ಅನ್ನುವುದು ಅದಕ್ಕಿಂತಲೂ ತಿಳಿಯದು.

ರೇಣುಕಾ ತವರಿಗೆ ಹೋಗಲಿಲ್ಲ, ಕುಂಕುಮವನ್ನೂ ಅಳಿಸಲಿಲ್ಲ. ಅವ್ವ ಹೋದ ವರ್ಷ ತೀರಿಕೊಂಡಳು. ಈಗಲೂ ಭಾನುವಾರ ನಾನು ಮನೆಯಲ್ಲಿದ್ದರೆ ರೇಣುಕಾ ನೆಲ ಒರೆಸಿ, ನೀಲಿ ಬಟ್ಟೆಯೊಂದನ್ನು ಹಾಸಿ, ಪಕ್ಕದಲ್ಲಿ ಚಾಕ್ ಇಡುತ್ತಾಳೆ. "ಭಾವಾ, ಇನ್ನೊಂದ್ ಸಲ ಗೀಚ್ರಿ" ಅನ್ನುತ್ತಾಳೆ. ಒಲ್ಲೆ ಅನ್ನಲಾಗದೆ ಕೂರುತ್ತೇನೆ. ಏನೂ ಯೋಚಿಸದೆ ಕೈ ಬಿಡುತ್ತೇನೆ. ನಡು ಬರುತ್ತದೆ, ತೊಡೆ ಬರುತ್ತದೆ, ಮೊಣಕಾಲು ಬರುತ್ತದೆ. ಅವಳು ಅದನ್ನು ತುಂಬಾ ಹೊತ್ತು ನೋಡಿ, ಬಟ್ಟೆ ಕೊಡವಿ ಮಡಚಿಡುತ್ತಾಳೆ.

ಇದನ್ನು ಓದಿದವರಲ್ಲಿ ಯಾರಿಗಾದರೂ ಹೀಗೆ ಆಗಿದ್ದರೆ ದಯವಿಟ್ಟು ಬರೆದು ತಿಳಿಸಿ. ಯಾಕೆ ಆಯಿತು ಅಂತ ನಿಮಗೂ ಗೊತ್ತಿಲ್ಲದಿದ್ದರೆ ಪರವಾಗಿಲ್ಲ. ಎರಡನೇ ಸಲ ಆಯಿತೇ, ಆಗುವ ಮೊದಲು ನೀವು ಏನು ಮಾಡಿದಿರಿ, ಅಷ್ಟು ಹೇಳಿದರೆ ಸಾಕು. ಬರುವ ಭಾನುವಾರವೂ ಅವಳು ಬಟ್ಟೆ ಹಾಸುತ್ತಾಳೆ.