ಹದಿನೈದು ಆಟಗಾರರ ಜೊತೆ ಹ್ಯಾಮಿಲ್ಟನ್ನಿಗೆ

ಇಲ್ಲಿ ಚಳಿಗಾಲವಾದ ಜುಲೈ ತಿಂಗಳ ಒಂದು ಶನಿವಾರ ಬೆಳಿಗ್ಗೆ ಏಳೂವರೆಗೆ ಹಿಲ್ಸ್‌ಬರೋದ ನನ್ನ ಮನೆ ಬಿಟ್ಟೆವು. ಕಾರಿನಲ್ಲಿ ನಾನು, ಧಾರವಾಡದಿಂದ ಬಂದಿದ್ದ ನಮ್ಮವ್ವ, ಮತ್ತು ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿಸಿಕೊಂಡ ಹದಿನೈದು ಹುಡುಗರು. ಹುಡುಗರೆಂದರೆ ಹ್ಯಾಮಿಲ್ಟನ್ನಿನ ಒಂದು ಕಾಲೇಜಿನ ಫುಟ್‌ಬಾಲ್ ತಂಡದ, ನೂರು ವರ್ಷಕ್ಕೂ ಹಿಂದಿನ ಫೋಟೊ. ಇಲ್ಲಿಯವರು ಆಗ ರಗ್ಬಿಯನ್ನು ಫುಟ್‌ಬಾಲ್ ಎಂದೇ ಕರೆಯುತ್ತಿದ್ದರು. ಹ್ಯಾಮಿಲ್ಟನ್ನಿಗೆ ಒಂದೂವರೆ ಗಂಟೆಯ ದಾರಿ. ಅಷ್ಟಕ್ಕೇ ಅವ್ವ ಎಂಟು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಮೊಸರು ಕಟ್ಟಿದ್ದಳು.

ಫೋಟೊ ಸಿಕ್ಕಿದ್ದು ಮನುಕಾವ್‌ನ ಹಳೇ ಸಾಮಾನಿನ ಅಂಗಡಿಯಲ್ಲಿ. ಗಾಜು ಒಡೆದಿತ್ತು. ಆದರೆ ಸುತ್ತಲಿನ ಕಪ್ಪು ರಟ್ಟಿನ ಮೇಲೆ ಬಿಳಿ ಶಾಯಿಯಲ್ಲಿ ಪ್ರತಿಯೊಬ್ಬರ ಹೆಸರಿತ್ತು. ಯಾರದೋ ಮನೆಯ ಹಿರಿಯರು ಹೀಗೆ ಅಂಗಡಿಯಲ್ಲಿ ಕೂತಿರುವುದು ಸರಿಯೆನಿಸದೆ ಕೊಂಡುತಂದೆ. ಕೆಲಸದ ಮೇಲೆ ಹ್ಯಾಮಿಲ್ಟನ್ನಿಗೆ ಹೋದಾಗ ಈ ಹುಡುಗರ ಮನೆಯವರು ಯಾರಾದರೂ ಇದ್ದರೆ ತಿಳಿಸಿ ಎಂದು ಅಲ್ಲಿನ ಲೈಬ್ರರಿಯ ಬೋರ್ಡಿಗೆ ಒಂದು ಚೀಟಿ ಅಂಟಿಸಿಬಂದೆ. ತಿಂಗಳಾದ ಮೇಲೆ ಮಾರ್ಗರೆಟ್ ಎಂಬ ಎಂಬತ್ತೊಂಬತ್ತರ ಅಜ್ಜಿ ಫೋನು ಮಾಡಿದರು. ಅವರ ಅಪ್ಪ ಹಾರ್ಪರ್ ಆ ವರ್ಷ ಆ ತಂಡದಲ್ಲಿ ಆಡಿದ್ದರಂತೆ. ಮಗಳಿಗೆ ಒಂದು ವರ್ಷವಾಗಿದ್ದಾಗ ತೀರಿಕೊಂಡರು. ಆಮೇಲೆ ಮನೆಗೆ ಬೆಂಕಿ ಬಿದ್ದು ಒಂದು ಫೋಟೊ ಕೂಡ ಉಳಿಯಲಿಲ್ಲ. "ಅವರ ಮುಖ ಒಮ್ಮೆ ನೋಡಬೇಕು," ಎಂದರು. ರಟ್ಟಿನ ಮೇಲೆ ಹಾರ್ಪರ್ ಎಂಬ ಹೆಸರಿತ್ತು. ತರುತ್ತೇನೆ ಎಂದು ಮಾತು ಕೊಟ್ಟೆ. ಎಷ್ಟನೆಯವರು ಎಂದು ಗುರುತು ಹಾಕಿಕೊಳ್ಳಲಿಲ್ಲ, ಬರೆದೇ ಇತ್ತಲ್ಲ.

ಆ ವಾರವೇ ಅವ್ವ ಬಂದಳು. ಸೋಮವಾರ ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಒದ್ದೆ ಅರಿವೆಯಿಂದ ಫೋಟೊ ಒರೆಸಿ, ಹಣೆಗಳಿಗೆ ಕುಂಕುಮ ಹಚ್ಚಿ, ಹೂವೇರಿಸಿದ್ದಳು. ಹೆಸರುಗಳೆಲ್ಲ ಅರಿವೆಗೆ ಹತ್ತಿದ್ದವು.

"ಸತ್ತವರನ್ನ ಧೂಳಾಗ ಇಡಬಾರದವಾ," ಎಂದಳು.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ನಾನು ರೇಗಿದೆ. ವಿಷಯ ತಿಳಿದ ಮೇಲೆ ಅವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕುಂಕುಮವನ್ನು ಹತ್ತಿಯಿಂದ ತೆಗೆದೆನಾದರೂ ಹಣೆಗಳ ಮೇಲೆ ತಿಳಿಗೆಂಪು ಉಳಿಯಿತು. ಇದನ್ನು ಮಾರ್ಗರೆಟ್ ಅವರಿಗೆ ಫೋನಿನಲ್ಲಿ ಹೇಳಲು ನನಗೆ ಧೈರ್ಯ ಸಾಲಲಿಲ್ಲ.

ಬಾಂಬೆ ಎಂಬ ಊರಿನ ಬಳಿ ಪೆಟ್ರೋಲಿಗೆ ನಿಂತೆವು. ಬೋರ್ಡು ನೋಡಿ ಅವ್ವ, "ಇಷ್ಟ ಲಗೂ ಬಂತ?" ಎಂದು ಆ ವಾರದಲ್ಲಿ ಮೊದಲ ಸಲ ನಕ್ಕಳು. ಆರು ಡಾಲರಿನ ಚಹಾ ಅವಳಿಗೆ ಸೇರಲಿಲ್ಲ. ನಾನು ಫೋಟೊದ ಬೆನ್ನು ತಿರುಗಿಸಿ, ಯಾರೋ ಪೆನ್ಸಿಲಿನಲ್ಲಿ ಬರೆದಿಟ್ಟ ಆ ಋತುವಿನ ಆಟಗಳನ್ನು ಓದಿ ಹೇಳಿದೆ. ಮೊದಲ ಆಟ, ಗೆಲುವು. ಎರಡನೆಯದು, ಮಳೆ, ಸೋಲು. ಮೂರನೆಯದರಲ್ಲಿ ಒಬ್ಬನ ಬೂಟು ಕೆಸರಿನಲ್ಲೇ ಉಳಿಯಿತು. ಕೊನೆಯ ಆಟದ ಮುಂದೆ ಇಷ್ಟೇ ಇತ್ತು: ಮಂಜು. ಚೆಂಡು ಕಾಣಲಿಲ್ಲ. ಆಟ ಮುಗಿಯಲಿಲ್ಲ.

ಅಲ್ಲಿಂದ ಮುಂದೆ ನಮಗೂ ಮಂಜೇ. ನದಿ ಪಕ್ಕದಲ್ಲೇ ಇದ್ದರೂ ಕಾಣುತ್ತಿರಲಿಲ್ಲ. ಬೇಲಿ ಕಂಬಗಳು ಒಂದೊಂದಾಗಿ ಬಂದು ಹೋಗುತ್ತಿದ್ದವು, ಹಸುಗಳು ಅರ್ಧರ್ಧ ತೋರುತ್ತಿದ್ದವು. ಆ ಬಿಳುಪಿನೊಳಗೆ ಯಾರೋ ನಮ್ಮ ಜೊತೆಗೇ ಓಡಿಬರುತ್ತಿದ್ದಾರೆ ಎಂದು ಬಹಳ ಹೊತ್ತು ಅನಿಸಿತು. ನನಗೆ ಭಯವಾಗಲಿಲ್ಲ. ಅವ್ವನಿಗೆ ಹೇಳಿದರೆ, "ಬರ್ಲಿ ಬಿಡು, ಅವರೂರ ದಾರಿ," ಎಂದಳು.

ಮಾರ್ಗರೆಟ್ ಬಾಗಿಲಲ್ಲೇ ಕಾಯುತ್ತಿದ್ದರು. ಒಂಟಿ ಜೀವ, ಗಂಡ ತೀರಿಕೊಂಡು ಹತ್ತು ವರ್ಷವಾಗಿತ್ತು. ಕೂತ ತಕ್ಷಣ ನಡೆದದ್ದನ್ನು ಹೇಳಿಬಿಟ್ಟೆ. ಅವ್ವ ಕೈ ಮುಗಿದು ನಿಂತೇ ಇದ್ದಳು. ಅಜ್ಜಿ ಭೂತಗನ್ನಡಿ ಹಿಡಿದು ಒಂದೊಂದೇ ಮುಖ ನೋಡುತ್ತ ಹೋದರು. ಎಷ್ಟೋ ಹೊತ್ತಿನ ಮೇಲೆ ಕೇಳಿದರು, "ಎಲ್ಲರ ಹಣೆಯಲ್ಲೂ ಕೆಂಪಿದೆ. ಈ ಒಬ್ಬನಿಗೆ ಯಾಕಿಲ್ಲ?"

ನಾನದನ್ನು ಗಮನಿಸಿಯೇ ಇರಲಿಲ್ಲ. ಅವ್ವನನ್ನು ಕೇಳಿದೆ.

"ಅವಂದು ಹಣಿ ಎಲ್ಲೈತಂತ ಗೊತ್ತಾಗ್ಲಿಲ್ಲ. ಫೋಟೊ ತಗಿಯೂ ಮುಂದ ಅಲಗ್ಯಾಡ್ಯಾನ. ಮಾರೀನ ಇಲ್ಲ."

ಫೋಟೊ ತೆಗೆಯುವಾಗ ಅಲುಗಾಡಿ ಅವನ ಮುಖ ಮಸುಕಾಗಿದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಜ್ಜಿಯ ಕೈಯ ಭೂತಗನ್ನಡಿ ಕೆಳಗಿಳಿಯಿತು.

"ಅಪ್ಪ ಚರ್ಚಿನಲ್ಲಿ ಕೂಡ ಒಂದು ನಿಮಿಷ ಸುಮ್ಮನೆ ಕೂರುತ್ತಿರಲಿಲ್ಲ ಅಂತ ಅಮ್ಮ ಹೇಳುತ್ತಿದ್ದರು. ಸುಟ್ಟುಹೋದ ಮದುವೆ ಫೋಟೊದಲ್ಲೂ ಹೀಗೇ ಆಗಿತ್ತಂತೆ." ಆ ಮಸುಕಿನ ಮೇಲೆ ಬೆರಳಿಟ್ಟರು. "ಇಷ್ಟು ವರ್ಷ ಕಾದೆ. ಇನ್ನೂ ಓಡುತ್ತಲೇ ಇದ್ದಾರೆ."

ಅವರು ಅತ್ತರು. ನನಗೂ ತಡೆಯಲಾಗಲಿಲ್ಲ. ಮುಖ ನೋಡಬೇಕೆಂದವರಿಗೆ ಮುಖವಿಲ್ಲದ ಅಪ್ಪನನ್ನು ತಂದುಕೊಟ್ಟಿದ್ದೆ.

ಅವ್ವ ಮಾತ್ರ ಚೀಲದಿಂದ ಕುಂಕುಮದ ಭರಣಿ ತೆಗೆದಳು. ಗಂಡನಿಲ್ಲದವರಿಗೆ ಕುಂಕುಮ ಹಚ್ಚುವುದನ್ನು ನಾನು ನಮ್ಮ ಮನೆಯಲ್ಲಿ ಎಂದೂ ಕಂಡಿಲ್ಲ.

"ಅವರಪ್ಪಂದು ಉಳದಿತ್ತು," ಎಂದಳು ಅವ್ವ. "ಇದು ತವರಮನಿ ಕುಂಕುಮ ಅಂತ ಹೇಳವಾ. ಇದಕ್ಕ ಯಾರೂ ಒಲ್ಲೆ ಅನ್ನಂಗಿಲ್ಲ."

ತವರಿಗೆ ಇಂಗ್ಲಿಷಿನಲ್ಲಿ ಮಾತು ಸಿಗದೆ, "ನಿಮ್ಮ ಅಪ್ಪನ ಮನೆಯಿಂದ ಬಂದದ್ದು," ಎಂದೆ. ಅಜ್ಜಿ ಬೆಳ್ಳಿಕೂದಲು ಹಿಂದೆ ಸರಿಸಿ ಹಣೆ ಮುಂದೆ ಮಾಡಿದರು.

ರೊಟ್ಟಿಯನ್ನು ಮೂವರೂ ಕೂಡಿ ತಿಂದೆವು. ಹೊರಟಾಗ ಮಂಜು ಹರಿದಿತ್ತು. ಕಾರಿನ ಕನ್ನಡಿಯಲ್ಲಿ ನೋಡಿದೆ: ಬಾಗಿಲ ಚೌಕಟ್ಟಿನಲ್ಲಿ, ಹಣೆಯ ಕುಂಕುಮದೊಂದಿಗೆ ಮಾರ್ಗರೆಟ್. ನಾವು ತಿರುವು ದಾಟುವವರೆಗೂ ಆಕೆ ಒಂದಿಷ್ಟೂ ಅಲುಗಾಡಲಿಲ್ಲ.