ಅಪ್ಪಣೆಗೆ ಕಾದ ಊಟದ ಗಂಟೆ

ಗೆಳೆಯರೇ, ಇವತ್ತು ಮಗಳು ಮರೆತುಹೋದ ಕನ್ನಡಕ ಕೊಡಲು ಸಿರುಗುಪ್ಪದ ಅವಳ ಹೈಸ್ಕೂಲಿಗೆ ಹೋಗಿದ್ದೆ. ಊಟದ ಹೊತ್ತು ಮೀರಿತ್ತು. ಅನ್ನ, ಸಾರು ಇಳಿಸಿಯಾಗಿತ್ತು. ಮಕ್ಕಳು ಮಾತ್ರ ತರಗತಿಯಿಂದ ಹೊರಬಂದಿರಲಿಲ್ಲ.

"ಯಾಕ್ರಿ ಮೇಡಂ, ಬೆಲ್ ಹೊಡದಿಲ್ಲ?" ಎಂದು ಕನ್ನಡ ಮೇಡಂ ಅವರನ್ನು ಕೇಳಿದೆ.

"ಹೆಡ್‌ಮಾಸ್ತರು ಹೇಳದ ಹೊಡ್ಯಂಗಿಲ್ರಿ. ಹೋದ ವಾರ ಪಿ.ಟಿ. ಸರ್ ತಾವ ಹೊಡದು ನೋಟಿಸ್ ತಗೊಂಡಾರ."

"ಎಲ್ಲಿ ಅದಾರ ಅವರು?"

"ಬಳ್ಳಾರಿಗೆ ಹೋಗ್ಯಾರ್ರಿ, ನಾಯಕತ್ವದ ತರಬೇತಿಗೆ. ಫೋನ್ ಎತ್ತವಲ್ರು."

ಈ ಹೊಸ ಹೆಡ್‌ಮಾಸ್ತರು ಬಂದಾಗಿನಿಂದ ಶಾಲೆಯಲ್ಲಿ ಶಿಸ್ತೋ ಶಿಸ್ತು, ಮೇಷ್ಟ್ರುಗಳ ಮುಖವೆಲ್ಲ ಸುಸ್ತು. ಎಲ್ಲರ ಕೈಯಲ್ಲೂ ಗಡಿಯಾರವಿದೆ, ಯಾರಿಗೂ ಧೈರ್ಯವಿಲ್ಲ.

ಸಿರಿಗೇರಿಯಿಂದ ಮೊದಲ ಬಸ್ಸಿಗೆ ಬರುವ ಹುಡುಗಿಯೊಬ್ಬಳು ಕಿಟಕಿಯಿಂದಲೇ, "ಮೇಡಂ, ಮುಂಜಾನಿಯಿಂದ ಏನೂ ತಿಂದಿಲ್ರಿ" ಎಂದಳು. ಮೇಡಂ ಮತ್ತೆ ಫೋನ್ ಹಚ್ಚಿದರು. ಅಂತೂ ಸಾಹೇಬರು ಸಿಕ್ಕರು. ಅವರ ದನಿ ವರಾಂಡಕ್ಕೆಲ್ಲ ಕೇಳಿಸಿತು.

"ಇನ್ನೂ ಊಟಕ್ಕ ಬಿಟ್ಟಿಲ್ಲೇನ್ರಿ? ನಿಮಗ ಸ್ವಂತ ಬುದ್ಧಿ ಇಲ್ಲೇನ್ರಿ? ಇಷ್ಟಕ್ಕೂ ನನ್ನ ಕೇಳಬೇಕಾ?"

"ಹಂಗಾರ ನಾಳಿಯಿಂದ ನಾವ ಹೊಡ್ಯೋಣೇನ್ರಿ ಸರ್?"

"ಏಯ್, ನನ್ನ ಕೇಳದ ಯಾರೂ ಬೆಲ್ ಮುಟ್ಟಂಗಿಲ್ಲ!"

ಕೊನೆಗೆ ಬೆಲ್ ಹೊಡೆದು, ಮಕ್ಕಳು ತಟ್ಟೆ ಹಿಡಿದು ಓಡಿಬಂದಾಗ ಅನ್ನ ಗಟ್ಟಿಯಾಗಿ ಹೆಂಟೆ ಕಟ್ಟಿತ್ತು. ತರಬೇತಿ ಮುಗಿಸಿದವರಿಗೆ ಸಂಜೆ ಪ್ರಮಾಣಪತ್ರ ಕೊಡುತ್ತಾರಂತೆ. ಕೊಡಲಿ ಬಿಡಿ. ಅವರಿಗೆ ಬಳ್ಳಾರಿಯಲ್ಲಿ ದರ್ಬಾರು, ನಮ್ಮ ಮಕ್ಕಳಿಗೆ ಇಲ್ಲಿ ಆರಿದ ಸಾರು.